ಕೊನೆಯ ಲೆನ್ಸು

ನಮ್ಮನೆ ಟೆರೇಸಿಗೆ ಇಬ್ಬರು ವಾರಸುದಾರರು. ಬೆಳಗ್ಗೆಯಿಂದ ಸಂಜೆವರೆಗೆ ಅದು ಅತ್ತೆಯದು. ಸಂಡಿಗೆ, ಹುಣಸೆಹಣ್ಣು, ಒಣಮೆಣಸಿನಕಾಯಿ, ಕೊಬ್ಬರಿ. ರಾತ್ರಿ ಎಂಟರ ಮೇಲೆ ನನ್ನದು. ಟ್ರೈಪಾಡ್, ಟೆಲಿಸ್ಕೋಪ್, ಕ್ಯಾಮೆರಾ, ಲ್ಯಾಪ್‌ಟಾಪ್, ಎರಡು ಎಕ್ಸ್‌ಟೆನ್ಷನ್ ಬಾಕ್ಸು. ಒಂದು ಸಲ ಕತ್ತಲಲ್ಲಿ ಟ್ರೈಪಾಡಿನ ಕಾಲನ್ನ ಅರಳು ಸಂಡಿಗೆ ಮೇಲೆ ಇಟ್ಟುಬಿಟ್ಟಿದ್ದೆ. ಅತ್ತೆ ಬೈಲಿಲ್ಲ. ಮಾರನೇ ದಿನ ಮಧ್ಯಾಹ್ನ ಆ ಪುಡಿಯಾದ ಸಂಡಿಗೆಯನ್ನೇ ಕರಿದು ನನ್ನ ತಟ್ಟೆಗೆ ಮಾತ್ರ ಬಡಿಸಿದರು.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕೋದಕ್ಕೆ ಕಂಪನಿ ನನಗೆ ಸಂಬಳ ಕೊಡುತ್ತೆ. ಇದನ್ನ ಮೊದಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ಸಲದ ಅಂಕಣ ನಾನು ಆರು ತಿಂಗಳು ಕಣ್ಣೆದುರಿಗೇ ಇಟ್ಟುಕೊಂಡು ಹಿಡಿಯಲಾಗದ ಒಂದು ತಪ್ಪಿನ ಬಗ್ಗೆ. ಜೊತೆಗೆ ನಾನೇ ಮಾಡಿದ ಇನ್ನೊಂದು ತಪ್ಪಿನ ಬಗ್ಗೆ.

ಈ ಹುಚ್ಚು ಶುರುವಾಗಿದ್ದು 2020ರ ಡಿಸೆಂಬರ್ 21ಕ್ಕೆ. ಗುರು, ಶನಿ ಎರಡೂ ಆಕಾಶದಲ್ಲಿ ಒಂದಕ್ಕೊಂದು ಅಂಟಿಕೊಂಡಷ್ಟು ಹತ್ತಿರ ಬಂದಿದ್ದ ಸಂಜೆ. ವರ್ಕ್ ಫ್ರಮ್ ಹೋಮ್ ಕಾಲ. ಗೆಳತಿಯ ಬೈನಾಕ್ಯುಲರ್ ಹಿಡಿದು ಟೆರೇಸಿನಲ್ಲಿ ನಿಂತಿದ್ದೆ. ಗುರುವಿನ ಪಕ್ಕದಲ್ಲಿ ಸಣ್ಣ ಸಣ್ಣ ಚುಕ್ಕಿ ಕಂಡವು. ಅವು ಗುರುವಿನ ಚಂದ್ರಗಳು, 1610ರಲ್ಲಿ ಗೆಲಿಲಿಯೊ ತನ್ನ ಪುಟ್ಟ ದೂರದರ್ಶಕದಲ್ಲಿ ಕಂಡಿದ್ದೂ ಇವನ್ನೇ ಅಂತ ಆಮೇಲೆ ಓದಿಕೊಂಡೆ. ಅಪ್ಪನ ಕಪಾಟಿನಿಂದ ಜಿ.ಟಿ. ನಾರಾಯಣ ರಾವ್ ಅವರ ಪುಸ್ತಕ ಹೊರಬಂತು. ಫೋನಿಗೆ ಸ್ಟೆಲೇರಿಯಂ ಆ್ಯಪ್ ಇಳೀತು. ಮಗಳು ನಕ್ಷತ್ರದ ಹೆಸರು ಬಾಯಿಪಾಠ ಮಾಡಿದಳು.

ಅಲ್ಲಿಗೇ ನಿಂತಿದ್ದರೆ ಈ ಕಥೆ ಇರ್ತಿರಲಿಲ್ಲ. ಆದ್ರೆ ನನಗೆ ಫೋಟೊ ಬೇಕಿತ್ತು. ಇನ್‌ಸ್ಟಾದಲ್ಲಿ ಬರೋ ಥರದ ಕೆಂಪು, ನೀಲಿ ನೀಹಾರಿಕೆಗಳು, ನಮ್ಮನೆ ಟೆರೇಸಿನಿಂದ. ನೋಡೋದಕ್ಕೆ ಒಂದು ಕೊಳವೆ ಸಾಕು. ಫೋಟೊ ತೆಗೆಯೋಕೆ ಹೊರಟರೆ ಅದು ಮದುವೆ ಮನೆ ಖರ್ಚಿನ ಹಾಗೆ. ಒಂದು ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು.

ಯಾಕೆ ಅಂತ ಸ್ವಲ್ಪ ಹೇಳ್ತೀನಿ. ಭೂಮಿ ತಿರುಗ್ತಾ ಇರೋದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಜರುಗಿದಂತೆ ಕಾಣುತ್ತವೆ. ಬರಿಗಣ್ಣಿಗೆ ಅದು ಗೊತ್ತಾಗಲ್ಲ. ನನ್ನ ಟೆಲಿಸ್ಕೋಪಿನ ಹಿಂದೆ ಕ್ಯಾಮೆರಾ ಕೂರಿಸಿದರೆ, ಮಹಾವ್ಯಾಧ ಪುಂಜದ ಒಂದು ನಕ್ಷತ್ರ ಒಂದೇ ಸೆಕೆಂಡಿಗೆ ಸುಮಾರು 7 ಪಿಕ್ಸೆಲ್ ಓಡಿಬಿಡುತ್ತೆ. ಮಂಕು ನೀಹಾರಿಕೆಗೆ ನಿಮಿಷಗಟ್ಟಲೆ ಶಟರ್ ತೆರೆದಿಡಬೇಕು. ಅಷ್ಟರಲ್ಲಿ ಚುಕ್ಕಿಯಾಗಿರಬೇಕಾದ ನಕ್ಷತ್ರ ಶಾವಿಗೆ ಎಳೆಯಾಗಿರುತ್ತೆ. ಭೂಮಿ ತಿರುಗೋ ವೇಗಕ್ಕೆ ಸರಿಯಾಗಿ ಟೆಲಿಸ್ಕೋಪನ್ನ ಎದುರು ದಿಕ್ಕಿಗೆ ತಿರುಗಿಸೋ ಮೋಟಾರಿನ ಮೌಂಟ್ ಬೇಕು. ಹೊಸಬರು ಟೆಲಿಸ್ಕೋಪಿಗೆ ದುಡ್ಡು ಸುರಿದು ಮೌಂಟಿಗೆ ಜಿಪುಣತನ ಮಾಡ್ತಾರೆ. ಫೋಟೊ ತೆಗೆಯೋರು ಅದನ್ನ ಉಲ್ಟಾ ಮಾಡಬೇಕು.

ನನ್ನ ಲೆಕ್ಕ ಹೀಗಿತ್ತು. 72 ಮಿಲಿಮೀಟರ್ ಲೆನ್ಸಿನ ಸಣ್ಣ ಟೆಲಿಸ್ಕೋಪ್ 46 ಸಾವಿರ. ಮೌಂಟ್ 85 ಸಾವಿರ. ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಕ್ಯಾಮೆರಾ 24 ಸಾವಿರ, ಅದರ ಸೆನ್ಸರ್ ಮುಂದಿನ ಫಿಲ್ಟರ್ ಬಿಚ್ಚಿಸಿದ್ದೂ ಸೇರಿ. ಮಾಮೂಲಿ ಕ್ಯಾಮೆರಾಗಳಲ್ಲಿರೋ ಆ ಫಿಲ್ಟರ್, ಹೈಡ್ರೋಜನ್ ಮೋಡ ಹೊಮ್ಮಿಸೋ 656 ನ್ಯಾನೋಮೀಟರಿನ ಕೆಂಪು ಬೆಳಕನ್ನ ಬಹುಪಾಲು ತಡೆದುಬಿಡುತ್ತೆ. ಅದನ್ನ ತೆಗೆದರೇ ನೀಹಾರಿಕೆಗೆ ಬಣ್ಣ. ಮೌಂಟು ಎಲ್ಲಾದ್ರೂ ದಾರಿ ತಪ್ಪಿದರೆ ತಿದ್ದೋಕೆ ಇನ್ನೊಂದು ಪುಟಾಣಿ ಟೆಲಿಸ್ಕೋಪು, ಪುಟಾಣಿ ಕ್ಯಾಮೆರಾ 21 ಸಾವಿರ. ಊರಿನ ದೀಪದ ಬೆಳಕನ್ನ ಸೋಸೋ ಫಿಲ್ಟರ್ 16 ಸಾವಿರ. ಒಟ್ಟು 1,92,000 ರೂಪಾಯಿ.

ಮನೆಯಲ್ಲಿ ನಾನು ಹೇಳಿದ್ದು, “ಎಲ್ಲಾ ಸೇರಿ ಅರವತ್ತು ಸಾವಿರ. ಅರ್ಧಕ್ಕರ್ಧ ಹಳೇ ಸಾಮಾನು.”

ನಿಜ ಹೇಳಿದ್ದರೆ ಯಾರೂ ಬೇಡ ಅಂತಿರಲಿಲ್ಲವೇನೋ. ನನ್ನ ದುಡಿಮೆ, ನನ್ನ ಬೋನಸ್ಸು. ಆದ್ರೂ ಬಾಯಿಗೆ ಆ ಅಂಕಿ ಬರಲಿಲ್ಲ. ಗಂಡ ಐದು ವರ್ಷದಿಂದ ಅದೇ ಬೈಕ್ ಓಡಿಸ್ತಿದ್ದಾರೆ. ಅತ್ತೆ ತರಕಾರಿಯವನ ಹತ್ತಿರ ಐದು ರೂಪಾಯಿಗೆ ಐದು ನಿಮಿಷ ಮಾತಾಡ್ತಾರೆ. ಅಂಥ ಮನೆಯಲ್ಲಿ ಎರಡು ಲಕ್ಷ ಅಂತ ಹೇಗೆ ಹೇಳೋದು? ಈ ಹವ್ಯಾಸದವರಲ್ಲಿ ಒಂದು ಹಳೇ ಜೋಕಿದೆ. ‘ನಾನು ಸತ್ತ ಮೇಲೆ, ನಾನು ಹೇಳಿದ ಬೆಲೆಗೇ ನನ್ನ ಹೆಂಡತಿ ಇದನ್ನೆಲ್ಲ ಮಾರಿಬಿಟ್ಟಾಳು ಅನ್ನೋದೇ ಭಯ’ ಅಂತ. ಆ ಜೋಕಿಗೆ ನಾನೂ ಜೋರಾಗಿ ನಕ್ಕಿದ್ದೆ.

ಮೌಂಟಿನ ಇಎಂಐ ತಿಂಗಳಿಗೆ ಏಳು ಸಾವಿರ ಚಿಲ್ಲರೆ, 2024ರ ಏಪ್ರಿಲ್‌ನಿಂದ ಹನ್ನೆರಡು ತಿಂಗಳು. ಜೂನ್ ಬಂತು, ಮೋಡವೂ ಬಂತು. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಟೆಲಿಸ್ಕೋಪು ಪೆಟ್ಟಿಗೆಯಲ್ಲೇ ನಿದ್ದೆ ಮಾಡುತ್ತೆ. ಇಎಂಐಗೆ ಮಾತ್ರ ಮಳೆಗಾಲದ ರಜೆ ಇಲ್ಲ. ಮಗಳ ಸ್ಕೂಲ್ ಫೀಸೂ ಅದೇ ತಿಂಗಳು. ಒಂದು ಸಂಜೆ ಅಡುಗೆಮನೆಯಲ್ಲಿ ನಿಂತು ಗಂಡನಿಗೆ ಹೇಳಿದೆ, “ಈ ತಿಂಗಳು ಸ್ವಲ್ಪ ಟೈಟ್ ಇದೆ ಕಣ್ರೀ, ಹೊಸ ಖರ್ಚು ಏನೂ ಬೇಡ.” ಹಾಲ್‌ನಲ್ಲಿ ಅತ್ತೆ ಕೂತು ಬತ್ತಿ ಹೊಸೀತಿದ್ದರು. ಆ ಮಾತು ಯಾರ ಕಿವಿಗೆ ಬಿತ್ತು ಅಂತ ನಾನು ಯೋಚನೆ ಮಾಡಲಿಲ್ಲ.

ನವೆಂಬರ್‌ನಲ್ಲಿ ಆಕಾಶ ತಿಳಿಯಾಯಿತು. ನನ್ನ ರಾತ್ರಿ ಡ್ಯೂಟಿ ಶುರು. ಜೊತೆಗೆ ಅತ್ತೆಯದೂ.

“ಹೆಣ್ಣುಮಗಳು ಒಬ್ಬಳೇ ನಡುರಾತ್ರಿ ಮಹಡಿ ಮೇಲೆ ಕೂತ್ಕೊಂಡ್ರೆ ನೋಡಿದೋರು ಏನಂತಾರೆ” ಅಂತ ಪ್ಲಾಸ್ಟಿಕ್ ಕುರ್ಚಿ, ಶಾಲು, ಫ್ಲಾಸ್ಕಿನಲ್ಲಿ ಶುಂಠಿ ಕಾಫಿ ಸಮೇತ ಅವರೂ ಮೇಲೆ ಬರ್ತಿದ್ದರು. ಮಾವ ತೀರಿಕೊಂಡು ಮೂರು ವರ್ಷ. ಅಲ್ಲಿಂದ ಅತ್ತೆಗೆ ನಿದ್ದೆ ಕಡಿಮೆ. ನನ್ನನ್ನ ಕಾಯೋ ನೆಪದಲ್ಲಿ ರಾತ್ರಿ ಕಳೀತಿದ್ದರು ಅಂತ ಈಗ ಅನ್ಸುತ್ತೆ.

ಅವರಿಲ್ಲದಿದ್ದರೆ ನನ್ನ ಕೆಲಸ ನಡೀತಿರಲಿಲ್ಲ. ಮೌಂಟಿನ ಅಕ್ಷವನ್ನ ಧ್ರುವ ನಕ್ಷತ್ರದ ಕಡೆ ಗುರಿಯಿಡಬೇಕು. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವ ನಕ್ಷತ್ರವೂ ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ಸ್ವಲ್ಪ ಎತ್ತರ ಅಷ್ಟೇ. ನಮ್ಮ ಮನೆಗೆ ಉತ್ತರದಲ್ಲಿ ನಾಲ್ಕು ಅಂತಸ್ತಿನ ಪಿಜಿ. ಧ್ರುವ ಅದರ ಸಿಂಟೆಕ್ಸ್ ಟ್ಯಾಂಕಿನ ಹಿಂದೆ. ಸಾಫ್ಟ್‌ವೇರು ಕಾಣೋ ನಕ್ಷತ್ರಗಳ ಫೋಟೊ ತೆಗೆದು ಲೆಕ್ಕ ಹಾಕಿ, “ಇಷ್ಟು ಎಡಕ್ಕೆ, ಇಷ್ಟು ಮೇಲಕ್ಕೆ” ಅಂತ ಹೇಳುತ್ತೆ. ನಾನು ಲ್ಯಾಪ್‌ಟಾಪ್ ನೋಡಿ ಹೇಳೋದು, ಅತ್ತೆ ಸ್ಕ್ರೂ ತಿರುಗಿಸೋದು. ಚಳಿಗೆ ಲೆನ್ಸಿನ ಮೇಲೆ ಇಬ್ಬನಿ ಕೂತರೆ ನನ್ನ ಹೇರ್ ಡ್ರೈಯರ್ ತಂದು ಬಿಸಿಗಾಳಿ ಹಿಡಿಯೋದೂ ಅವರೇ.

ಮಾವನ ಪಂಚೆಯೂ ಈ ಕೆಲಸಕ್ಕೆ ಸೇರಿತು. ಲೆನ್ಸಿನ ಧೂಳಿನ ಗುರುತು, ಫೋಟೊದ ಮೂಲೆಯ ಕಪ್ಪು ಇವನ್ನ ಅಳಿಸೋಕೆ, ಮುಸ್ಸಂಜೆ ಹೊತ್ತು ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ಕೆಲವು ಫೋಟೊ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಕಂಪ್ಯೂಟರ್ ಆ ಕಲೆಗಳನ್ನ ಲೆಕ್ಕ ಹಾಕಿ ತೆಗೆಯುತ್ತೆ. “ಬಿಳಿ ಬಟ್ಟೆ ಏನಾದ್ರೂ ಇದೆಯಾ ಅತ್ತೆ?” ಅಂದೆ. ಟ್ರಂಕಿನಿಂದ ಮಾವನ ಪಂಚೆಯೊಂದನ್ನ ತಂದರು. ಬೆಳಕಿಗೆ ಹಿಡಿದು, “ಹಳದಿ ಆಗ್ಬಿಟ್ಟಿದೆ, ಎಷ್ಟು ಒಗೆದ್ರೂ ಹೋಗ್ತಿಲ್ಲ” ಅಂದರು. ನನಗೆ ಅದು ಬೆಳ್ಳಗೇ ಕಾಣ್ತಿತ್ತು. ಇರಲಿ, ಹಳೇ ಬಟ್ಟೆಯ ಮೇಲಿನ ಮೋಹ ಅಂದುಕೊಂಡೆ.

ಎದುರು ಮನೆಯವರು ಒಂದು ದಿನ ಗೇಟಿಗೆ ಬಂದು, “ನಿಮ್ಮ ಸೊಸೆ ರಾತ್ರಿ ಹೊತ್ತು ದೂರದರ್ಶಕದಲ್ಲಿ ಏನು ನೋಡ್ತಾರೆ? ನಮ್ಮ ಬೆಡ್‌ರೂಮ್ ಕಿಟಕಿ ಅದೇ ಕಡೆಗಿದೆ” ಅಂದರು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು. “ನಿಮ್ಮನೆ ಕಿಟಕಿ ನೋಡೋಕೆ ಯಾರಾದ್ರೂ ಅರವತ್ತು ಸಾವಿರ ಖರ್ಚು ಮಾಡ್ತಾರೇನ್ರಿ?” ಎದುರು ಮನೆಯವರು ವಾಪಸ್ ಹೋದರು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ನನ್ನ ಸುಳ್ಳನ್ನ ಅತ್ತೆ ನನ್ನ ಪರವಾಗಿ, ಅಷ್ಟು ನಂಬಿಕೆಯಿಂದ ಬೀದಿಯಲ್ಲಿ ನಿಂತು ಹೇಳಿದ್ದು ಕೇಳಿ ಆ ರಾತ್ರಿ ಊಟ ರುಚಿಸಲಿಲ್ಲ.

ಅತ್ತೆ ತುರುವೇಕೆರೆ ಕಡೆಯವರು. ನಕ್ಷತ್ರಗಳ ಹೆಸರು ಅವರಿಗೆ ಮಳೆಯ ಹೆಸರಾಗಿ ಗೊತ್ತು. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ. ಒಂದು ರಾತ್ರಿ ರೋಹಿಣಿ ನಕ್ಷತ್ರ ತೋರಿಸಿ ಕೇಳಿದೆ, “ಅತ್ತೆ, ರೋಹಿಣಿ ಮಳೆ ಬರೋವಾಗ ಈ ನಕ್ಷತ್ರ ರಾತ್ರಿ ಕಾಣಲ್ಲ, ಗೊತ್ತಾ?” ಅವರಿಗೆ ಆಶ್ಚರ್ಯ. ಸೂರ್ಯ ಆ ನಕ್ಷತ್ರದ ಜಾಗದಲ್ಲಿರೋ ಹದಿಮೂರು, ಹದಿನಾಲ್ಕು ದಿನವೇ ಆ ಹೆಸರಿನ ಮಳೆ. ಮೇ ಕೊನೆ, ಜೂನ್ ಮೊದಲ ವಾರ. ಆಗ ರೋಹಿಣಿ ಹಗಲು ಹೊತ್ತು ಸೂರ್ಯನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುತ್ತೆ. ಮಳೆಗಾಲದ ಮೋಡ ಇಲ್ಲದಿದ್ದರೂ ಕಾಣದು. “ಅಂದ್ರೆ ಹೆಸರು ಹೇಳೋರ ಕಣ್ಣಿಗೇ ಅದು ಬೀಳಲ್ಲ ಅನ್ನು” ಅಂತ ನಕ್ಕರು.

ಆಮೇಲೆ ಹೇಳಿದರು, “ಚಿಕ್ಕವಳಿದ್ದಾಗ ಕಣದಲ್ಲಿ ರಾಗಿ ಕಾಯೋಕೆ ಅಪ್ಪನ ಜೊತೆ ಮಲಗ್ತಿದ್ದೆ. ಕೃತ್ತಿಕೆ ಗೊಂಚಲು ನೆತ್ತಿ ಮೇಲೆ ಇರೋದು. ಆರು ಎಣಿಸ್ತಿದ್ದೆ. ಈಗ ಒಂದೂ ಕಾಣಲ್ಲಮ್ಮ.”

ನಾನು ತಕ್ಷಣ ಪಾಠ ಶುರು ಮಾಡಿದೆ. ಬೆಳಕಿನ ಮಾಲಿನ್ಯ ಅತ್ತೆ, ಆಕಾಶದ ಕತ್ತಲನ್ನ ಅಳೆಯೋಕೆ ಬಾರ್ಟಲ್ ಅನ್ನೋರು 2001ರಲ್ಲಿ ಒಂದರಿಂದ ಒಂಬತ್ತರವರೆಗೆ ಮಾಪಕ ಮಾಡಿದ್ದಾರೆ, ಒಂದು ಅಂದ್ರೆ ಅಪ್ಪಟ ಕತ್ತಲು, ನಮ್ಮ ಬೆಂಗಳೂರು ಎಂಟು, ಒಂಬತ್ತು, ಲಡಾಖಿನ ಹಾನ್ಲೆಯಲ್ಲಿ ಕತ್ತಲನ್ನ ಕಾಪಾಡೋಕೇ ಒಂದು ಸಂರಕ್ಷಿತ ಪ್ರದೇಶ ಮಾಡಿದ್ದಾರೆ... ಅತ್ತೆ ಸಮಾಧಾನವಾಗಿ ಕೇಳಿದರು. ನಾನು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಆದ್ರೆ ಅದೇ ಟೆರೇಸಿನಲ್ಲಿ ನಿಂತ ನನಗೆ ಕೃತ್ತಿಕೆ ಮಂಕಾಗಿಯಾದರೂ ಕಾಣ್ತಿತ್ತು. ಅದನ್ನ ನಾನು ಗಮನಿಸಲಿಲ್ಲ.

ಡಿಸೆಂಬರ್ ಮೊದಲ ವಾರ ಮಹಾವ್ಯಾಧದ ನೀಹಾರಿಕೆಯ ಮೊದಲ ಒಳ್ಳೆ ಫೋಟೊ ಬಂತು. ಅದು ಒಂದು ಫೋಟೊ ಅಲ್ಲ. ತಲಾ 3 ನಿಮಿಷದ 80 ಫೋಟೊಗಳನ್ನ, ಅಂದ್ರೆ ನಾಲ್ಕು ಗಂಟೆಯ ಬೆಳಕನ್ನ, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದ್ದು. ಒಂದೊಂದರಲ್ಲೂ ಮರಳು ಎರಚಿದ ಹಾಗೆ ನಾಯ್ಸ್ ಇರುತ್ತೆ. ನಾಲ್ಕು ಪೇರಿಸಿದರೆ ಅದು ಅರ್ಧ, ಹದಿನಾರಕ್ಕೆ ಕಾಲು. ಅರ್ಧಕ್ಕಿಳಿಸಬೇಕಾದರೆ ಪ್ರತಿ ಸಲ ನಾಲ್ಕು ಪಟ್ಟು ದುಡೀಬೇಕು. ನಡುವಿನ ಭಾಗ ತುಂಬಾ ಪ್ರಖರವಾದ್ದರಿಂದ ಅದಕ್ಕೆ 10 ಸೆಕೆಂಡಿನ ಬೇರೆ ಫೋಟೊಗಳು. ಸಿರಿಲ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಮೂರು ರಾತ್ರಿ ಕೂತೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ಮೋಡ, ಕೆಂಪಗೆ, ರೆಕ್ಕೆ ಬಿಚ್ಚಿದ ಹಾಗೆ ಬಂತು.

ಮೊದಲು ತೋರಿಸಿದ್ದು ಅತ್ತೆಗೆ. ಫೋನನ್ನ ಒಂದು ಕ್ಷಣ ಹಿಡಿದು, “ಚೆನ್ನಾಗಿದೆ ಕಣಮ್ಮ” ಅಂದರು. ಯಾವಾಗ ಯಾವ ಫೋಟೊ ತೋರಿಸಿದರೂ ಅದೇ ಮಾತು. ಅದೇ ಧ್ವನಿ.

ಡಿಸೆಂಬರ್ 14, ಶನಿವಾರ. ಮಾರನೇ ದಿನ ಹುಣ್ಣಿಮೆ. ಅಷ್ಟು ಬೆಳದಿಂಗಳಲ್ಲಿ ನೀಹಾರಿಕೆ ಕೆಲಸ ಆಗಲ್ಲ. ಗುರು ಗ್ರಹ ಒಂದು ವಾರದ ಹಿಂದಷ್ಟೇ ಭೂಮಿಗೆ ಅತಿ ಹತ್ತಿರ ಬಂದಿತ್ತು, ರೋಹಿಣಿ ಪಕ್ಕದಲ್ಲೇ ಹೊಳೀತಿತ್ತು. ಇವತ್ತು ಕ್ಯಾಮೆರಾ ಬೇಡ, ಕಣ್ಣಲ್ಲೇ ನೋಡೋಣ ಅಂತ ಐಪೀಸ್ ಹಾಕಿದೆ. 42 ಪಟ್ಟು ದೊಡ್ಡದಾಗಿ ಕಾಣೋ ಹಾಗೆ. ಮಗಳು ಮೊದಲು ನೋಡಿದಳು. “ಅಮ್ಮಾ, ಒಂದು, ಎರಡು, ಮೂರು, ನಾಲ್ಕು ಚಂದ್ರ! ಮೈಮೇಲೆ ಪಟ್ಟೆ!”

“ಅತ್ತೆ, ಬನ್ನಿ.”

ಅತ್ತೆ ಬಗ್ಗಿ ಕಣ್ಣಿಟ್ಟರು. “ಏನೋ ಬೆಳ್ಳಗೆ ಹಬ್ಬಿಕೊಂಡಿದೆ. ಮಂಜು ಮಂಜು.”

ಫೋಕಸ್ ತಿರುಗಿಸಿದೆ. “ಈಗ?” ಹಾಗೇ ಇದೆ. ಲೆನ್ಸಿಗೆ ಇಬ್ಬನಿ ಕೂತಿದೆಯಾ ಅಂತ ಟಾರ್ಚ್ ಹಾಕಿ ನೋಡಿದೆ. ಇಲ್ಲ. ಐಪೀಸ್ ಒರೆಸಿದೆ. ಬೇರೆ ಐಪೀಸ್ ಹಾಕಿದೆ. ಬೆಳಕನ್ನ ಬಾಗಿಸೋ ಕನ್ನಡಿ ತೆಗೆದು ಮತ್ತೆ ಕೂರಿಸಿದೆ. ಟೆಸ್ಟರ್ ಬುದ್ಧಿ ನೋಡಿ, ಒಂದೊಂದೇ ಭಾಗ ಬದಲಾಯಿಸಿ ಪರೀಕ್ಷೆ. ಪ್ರತಿ ಸಲವೂ ನನಗೆ ಸರಿ, ಮಗಳಿಗೆ ಸರಿ, ಅತ್ತೆಗೆ ಮಂಜು.

“ಎಡಗಣ್ಣಲ್ಲಿ ನೋಡಿ ಅತ್ತೆ.” ನೋಡಿದರು. “ಇದರಲ್ಲಿ ಸ್ವಲ್ಪ ವಾಸಿ. ಬಲಗಣ್ಣಲ್ಲಿ ಬೀದಿ ದೀಪವೂ ಹಿಂಗೇ ಕಾಣೋದು. ಸುತ್ತ ಬಳೆ ಇಟ್ಟ ಹಾಗೆ. ಬಿಡು, ವಯಸ್ಸಾಯ್ತು.”

ಆಗ ಗೊತ್ತಾಯಿತು. ಬೆಳಕು ಹಾದು ಹೋಗೋ ದಾರಿಯಲ್ಲಿ ನಾನು ಪರೀಕ್ಷೆ ಮಾಡದ ಲೆನ್ಸು ಒಂದೇ ಒಂದು ಉಳಿದಿತ್ತು. ಕೊನೆಯದು. ಗುರುವಿನಿಂದ ಹೊರಟ ಬೆಳಕು 34 ನಿಮಿಷ ಪ್ರಯಾಣ ಮಾಡಿ, 61 ಕೋಟಿ ಕಿಲೋಮೀಟರ್ ದಾಟಿ ಬಂದು, ಅತ್ತೆಯ ಕಣ್ಣೊಳಗಿನ ಕೊನೆಯ ಎರಡು ಸೆಂಟಿಮೀಟರಿನಲ್ಲಿ ಚೆದುರಿಹೋಗ್ತಿತ್ತು.

ಮಗಳನ್ನ ಮಲಗೋಕೆ ಕಳಿಸಿ ಕೇಳಿದೆ, “ಡಾಕ್ಟರಿಗೆ ತೋರಿಸಿದ್ರಾ?”

ತೋರಿಸಿದ್ದರು. ಜೂನ್‌ನಲ್ಲೇ, ದೇವಸ್ಥಾನದ ಗೆಳತಿಯ ಜೊತೆ ಹೋಗಿ. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿಗೆ ಜಾಸ್ತಿ, ಆಪರೇಷನ್ ಮಾಡಿಸಿ ಅಂದಿದ್ದರಂತೆ. ಆ ಚೀಟಿ ಬೀರುವಿನಲ್ಲಿ ಸೀರೆಯ ಮಡಿಕೆಯಲ್ಲಿತ್ತು.

“ಯಾಕೆ ಹೇಳಲಿಲ್ಲ ಅತ್ತೆ?”

“ನೀನೇ ಅಲ್ವೇನಮ್ಮ ಅವನಿಗೆ ಹೇಳ್ತಿದ್ದೆ, ಈ ತಿಂಗಳು ಟೈಟು, ಹೊಸ ಖರ್ಚು ಬೇಡ ಅಂತ. ಮನೆ ಸಾಲ ಇರಬೇಕು ಅಂದ್ಕೊಂಡೆ. ಕಣ್ಣು ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷ ನೋಡಿಕೊಂಡ್ರಾಯ್ತು ಅಂತ ಸುಮ್ನಾದೆ.”

ಆ ಕ್ಷಣ ನನ್ನ ಮುಂದೆ ಮೌಂಟು ನಿಂತಿತ್ತು. ಮೋಟಾರು ಸಣ್ಣಗೆ ಗುಂಯ್ ಅಂತಿತ್ತು. ಕಾಣದ ಅತ್ತೆಗೆ ಫೋಟೊ ತೋರಿಸಿ, “ಚೆನ್ನಾಗಿದೆ ಕಣಮ್ಮ” ಅನ್ನಿಸಿಕೊಂಡು ಖುಷಿಪಟ್ಟಿದ್ದೆಲ್ಲ ನೆನಪಾಯಿತು.

“ಅತ್ತೆ, ಅದು ಮನೆ ಸಾಲ ಅಲ್ಲ. ಇದರ ಸಾಲ. ಇದಕ್ಕೆಲ್ಲ ಅರವತ್ತು ಸಾವಿರ ಅಲ್ಲ ಆಗಿದ್ದು. ಒಂದು ಲಕ್ಷದ ತೊಂಬತ್ತೆರಡು ಸಾವಿರ.”

ಅತ್ತೆ ತುಂಬ ಹೊತ್ತು ಮಾತಾಡಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸ್ತಾ ಕೂತಿದ್ದರು. ಆಮೇಲೆ ಕೇಳಿದರು, “ನನ್ನ ಮಗನಿಗೆ ಗೊತ್ತಾ?”

“ಇಲ್ಲ.”

“ಹಂಗಾದ್ರೆ ಮೊದಲು ಅವನಿಗೆ ಹೇಳು. ನನ್ನ ಕಣ್ಣಿನ ವಿಷಯ ನಾನು ಹೇಳ್ತೀನಿ. ಇಬ್ಬರೂ ಒಂದೇ ದಿನ ಹೇಳಿಬಿಡೋಣ, ಅವನು ಒಂದೇ ಸಲ ಕೂಗಾಡಲಿ.”

ಗಂಡ ಕೂಗಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು. ಮೂರು ದಿನ “ಉಪ್ಪು ಕೊಡು, ನೀರು ಬಿಸಿಯಾಯ್ತಾ” ಬಿಟ್ಟರೆ ಮಾತಿಲ್ಲ. ನಾಲ್ಕನೇ ದಿನ ಹೇಳಿದರು, “ದುಡ್ಡಿನ ವಿಷಯ ಅಲ್ಲ. ನಾನು ಬೇಡ ಅಂತೀನಿ ಅಂತ ನೀನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಕೇಳೋಕೂ ಇಲ್ಲ.” ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಮ್ಮ ಮನೆ ಖರ್ಚಿನ ಶೀಟಿನಲ್ಲಿ ‘ಆಕಾಶ’ ಅಂತ ಒಂದು ಸಾಲು ಸೇರಿದೆ. ಅದನ್ನ ಸೇರಿಸಿದ್ದು ಅವರೇ. ದಾರಿ ತಿದ್ದೋ ಆ ಪುಟಾಣಿ ಕ್ಯಾಮೆರಾ ಸೆಟ್ಟನ್ನ ಮಾರಿದೆ. 14 ಸಾವಿರ ಬಂತು. ಅದಿಲ್ಲದೆ ಈಗ 3 ನಿಮಿಷದ ಬದಲು 1 ನಿಮಿಷದ ಫೋಟೊಗಳು. ನೀಹಾರಿಕೆ ಬೇಜಾರು ಮಾಡಿಕೊಂಡಿಲ್ಲ.

ಸಂಕ್ರಾಂತಿ ಕಳೆಯಲಿ ಅಂದರು ಅತ್ತೆ. ಎಳ್ಳು ಬೀರಿದ ಮರುವಾರ ಬಲಗಣ್ಣಿನ ಆಪರೇಷನ್. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಲ್ಟ್ರಾಸೌಂಡ್ ಕಂಪನದಲ್ಲಿ ಮಬ್ಬಾದ ಲೆನ್ಸನ್ನ ಪುಡಿಮಾಡಿ ಹೀರಿ ತೆಗೆದು, ಆ ಜಾಗದಲ್ಲಿ ಮಡಚಿದ ಪುಟ್ಟ ಲೆನ್ಸನ್ನ ಇಟ್ಟು ಬಿಡಿಸ್ತಾರೆ. ಅದೇ ಸಂಜೆ ಮನೆಗೆ. ತಿಂಗಳು ಕಾಲ ಹೊತ್ತುಹೊತ್ತಿಗೆ ಡ್ರಾಪ್ಸು, ಬಗ್ಗೋ ಹಾಗಿಲ್ಲ, ತಲೆಗೆ ನೀರು ಹಾಕೋ ಹಾಗಿಲ್ಲ. ಡ್ರಾಪ್ಸಿಗೆ ಫೋನಿನಲ್ಲಿ ಅಲಾರಂ ಇಟ್ಟಿದ್ದು ಮಗಳು. ಅದೇ ಜನವರಿಯಲ್ಲಿ ವಾಟ್ಸ್ಆ್ಯಪ್ ತುಂಬ ‘ಗ್ರಹಗಳ ಮೆರವಣಿಗೆ’ ಫಾರ್ವರ್ಡುಗಳು ಓಡಾಡ್ತಿದ್ದವು. ಕಪ್ಪು ಕನ್ನಡಕ ಹಾಕಿಕೊಂಡ ಅತ್ತೆ ಸೋಫಾದಲ್ಲಿ ಕೂತು, “ಮೆರವಣಿಗೆ ಹೋಗಿಬಿಡುತ್ತೇನೇ?” ಅಂತ ಕೇಳೋರು. ಶುಕ್ರ, ಗುರು, ಮಂಗಳ ಇನ್ನೂ ವಾರಗಟ್ಟಲೆ ಸಂಜೆಗೆ ಕಾಣ್ತವೆ ಅತ್ತೆ, ಗಾಬರಿ ಬೇಡ ಅಂತಿದ್ದೆ.

ಮಧ್ಯೆ ಒಂದು ಮಾತು. ‘ಯಾವ ಟೆಲಿಸ್ಕೋಪ್ ತಗೊಳ್ಳಲಿ?’ ಅಂತ ಆಫೀಸಿನಲ್ಲಿ ಈಗಲೂ ಕೇಳ್ತಾರೆ. ನಾನು ಹೇಳೋದು ಇಷ್ಟು. ಎರಡು ತಿಂಗಳು ಬರಿಗಣ್ಣು, ಫೋನಿನ ಆ್ಯಪ್. ಆಮೇಲೆ 10x50 ಬೈನಾಕ್ಯುಲರ್. ನೆಹರು ತಾರಾಲಯಕ್ಕೆ ಒಂದು ಸಲ ಹೋಗಿ ಬನ್ನಿ. ಆಸೆ ಉಳಿದಿದ್ದರೆ ಆರಿಂಚಿನ ಡಾಬ್ಸೋನಿಯನ್. ಮರದ ಪೆಟ್ಟಿಗೆ ಮೇಲೆ ಕೈಯಲ್ಲೇ ತಿರುಗಿಸೋ ಟೆಲಿಸ್ಕೋಪು, ಮೋಟಾರಿಲ್ಲ, ವೈರಿಲ್ಲ, ಐದು ನಿಮಿಷದಲ್ಲಿ ತಯಾರು. ಚಂದ್ರನ ಫೋಟೊ ಬೇಕಾದರೆ ಅದರ ಐಪೀಸಿಗೆ ಫೋನ್ ಹಿಡಿದರೇ ಸಾಕು. ಸೂರ್ಯನ ಕಡೆಗೆ ಮಾತ್ರ, ಸರಿಯಾದ ಸೋಲಾರ್ ಫಿಲ್ಟರ್ ಇಲ್ಲದೆ ಯಾವತ್ತೂ ತಿರುಗಿಸಬೇಡಿ. ನೀಹಾರಿಕೆ ಫೋಟೊದ ಆಸೆ ಇದಾದ ಮೇಲೂ ಹೋಗದಿದ್ದರೆ ಖಂಡಿತ ತಗೊಳ್ಳಿ. ತಗೊಳ್ಳೋ ಮೊದಲು ಅಂಕಿಯನ್ನ ಪೂರ್ತಿ, ಸೊನ್ನೆಗಳ ಸಮೇತ, ಮನೆಯಲ್ಲಿ ಹೇಳಿ. ಮತ್ತೆ ಮನೆಯ ಹಿರಿಯರು ಐಪೀಸಿಗೆ ಕಣ್ಣಿಟ್ಟು ಮಂಜು ಅಂದ್ರೆ, ಐಪೀಸ್ ಒರೆಸ್ತಾ ಕೂರಬೇಡಿ.

2025ರ ಫೆಬ್ರವರಿ 26 ಶಿವರಾತ್ರಿ. ಅಮಾವಾಸ್ಯೆಯ ಹಿಂದುಮುಂದಿನ ಕತ್ತಲ ರಾತ್ರಿಯಲ್ಲೇ ಬರೋ ಹಬ್ಬ. ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಅತ್ತೆಗೆ ಹೇಗೂ ಜಾಗರಣೆ. ಡಾಕ್ಟರು ಬಗ್ಗಬಹುದು ಅಂದಿದ್ದರು. ಮುಸ್ಸಂಜೆಗೆ ಪಂಚೆ ಬಿಗಿಯೋಕೆ ಹೋದರೆ ಅತ್ತೆ ಅದನ್ನ ನನ್ನ ಕೈಯಿಂದ ತಗೊಂಡರು. ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಮತ್ತೆ.

“ಈ ಕಣ್ಣಿಗೆ ಬಿಳಿ. ಈ ಕಣ್ಣಿಗೆ ಹಳದಿ.”

ಡಾಕ್ಟರು ಹೇಳಿದ್ದು ಅದನ್ನೇ. ವಯಸ್ಸಾದಂತೆ ಕಣ್ಣಿನ ಲೆನ್ಸು ಹಳದಿಗಟ್ಟುತ್ತೆ, ನೀಲಿ ಬೆಳಕನ್ನ ತಡೆಯುತ್ತೆ. ನಾನು ದುಡ್ಡು ಕೊಟ್ಟು ಕ್ಯಾಮೆರಾದ ಫಿಲ್ಟರ್ ಬಿಚ್ಚಿಸಿದ್ದೆನಲ್ಲ, ಅತ್ತೆಯ ಕಣ್ಣಲ್ಲೂ ಒಂದು ಫಿಲ್ಟರ್ ಕೂತಿತ್ತು. ಬಲಗಣ್ಣಿನದು ಈಗ ಹೋಗಿದೆ. ಎಡಗಣ್ಣಿನದು ಯುಗಾದಿ ಆದ ಮೇಲೆ.

“ಎರಡು ವರ್ಷದಿಂದ ಇದನ್ನ ಸೋಪು ಹಾಕಿ ಉಜ್ಜಿದ್ದೇ ಉಜ್ಜಿದ್ದು. ಪಂಚೆ ಸರಿಯಾಗೇ ಇತ್ತು” ಅಂದರು. ಅದನ್ನ ಎದೆಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಆ ಸಂಜೆ ನಾನು ಟೆಲಿಸ್ಕೋಪಿಗೆ ನನ್ನ ಹಳೇ ಟೀ ಶರ್ಟ್ ಬಿಗಿದೆ.

ಎಂಟು ಗಂಟೆಗೆ ಗುರುವನ್ನ ಹಿಡಿದೆ. ಅತ್ತೆ ಬಲಗಣ್ಣಿಟ್ಟರು. ನಾನು ಏನೂ ಕೇಳಲಿಲ್ಲ. ಅವರ ಕೈ ಮಾತ್ರ ನನ್ನ ಕಡೆ ಚಾಚಿ, ಒಂದೊಂದೇ ಬೆರಳು ಮಡಚೋಕೆ ಶುರುವಾಯಿತು.

ಅಷ್ಟರಲ್ಲಿ ಎದುರು ಮನೆಯವರು ಪ್ರಸಾದದ ತಟ್ಟೆ ಹಿಡಿದು ಮೇಲೆ ಬಂದರು. ಜಾಗರಣೆ ರಾತ್ರಿ, ಅವರಿಗೂ ನಿದ್ದೆ ಇಲ್ಲ. “ನಾವೂ ಒಂದ್ಸಲ ನೋಡಬಹುದಾ?” ಸಂಕೋಚದಿಂದ ಕೇಳಿ, ನೋಡಿ, ಇನ್ನೊಂದು ಸಲ ನೋಡಿ, ಆಮೇಲೆ ಕೇಳಿದರು, “ಇದಕ್ಕೆ ಅರವತ್ತು ಸಾವಿರ ಅಂದಿದ್ರಲ್ಲ?”

ನಾನು ಫೋಕಸ್ ಸರಿಮಾಡೋ ಹಾಗೆ ಬಗ್ಗಿದೆ.

“ಇಲ್ಲ,” ಅಂದರು ಅತ್ತೆ, ಐಪೀಸಿನಿಂದ ಕಣ್ಣು ತೆಗೆಯದೆ. “ಒಂದು ಲಕ್ಷದ ತೊಂಬತ್ತೆರಡು ಸಾವಿರ. ನನಗೆ ಆವತ್ತು ಸರಿಯಾಗಿ ಗೊತ್ತಿರಲಿಲ್ಲ.”